ರಸ್ತೆಯಾಚೆಯ ಆರತಿ

ನನ್ನ ಬಳಿ ಮೂರು ಫೋಟೋಗಳಿವೆ. ಮೂರನ್ನೂ ಕೂತ ಜಾಗದಿಂದ ಏಳದೆ ತೆಗೆದದ್ದು. ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ ಏಳು ಸೆಕೆಂಡು ಎಂದು ಕ್ಯಾಮೆರಾ ಬರೆದುಕೊಂಡಿದೆ. ಅವುಗಳಲ್ಲಿ ಒಬ್ಬ ಮುದುಕಿ ಉರಿಯುವ ಕರ್ಪೂರದ ತಟ್ಟೆ ಹಿಡಿದು, ಮುಚ್ಚಳ ತೆಗೆದಿಟ್ಟ ಪೆಟ್ರೋಲ್ ಟ್ಯಾಂಕಿನ ಕಡೆಗೆ ನಡೆದು ಬರುತ್ತಿದ್ದಾಳೆ. ಆಕೆಯನ್ನು ಹಾಗೆ ಬರಲು ಹೇಳಿದವಳು ನಾನು. ಅಲ್ಲಿದ್ದ ಮೂವರಲ್ಲಿ ರಸಾಯನಶಾಸ್ತ್ರ ಓದಿದವಳೂ ನಾನೊಬ್ಬಳೇ.

ಭೀಮರಾಯನಗುಡಿಯ ಹತ್ತಿರ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮನೆ ಶಹಾಪುರದಲ್ಲಿ, ತವರು ಸುರಪುರ. ರೈತರು ಪ್ಲಾಸ್ಟಿಕ್ ಚೀಲದಲ್ಲಿ ತಂದ ಮಣ್ಣನ್ನು ನೀರಿನಲ್ಲಿ ಕದಡಿ, ಉಪ್ಪೆಷ್ಟು, ಸವಳೆಷ್ಟು ಎಂದು ಬರೆದುಕೊಡುವುದು ನನ್ನ ಕೆಲಸ. ಸಂಜೆ ನಾಲ್ಕಾರು ಹುಡುಗಿಯರಿಗೆ ಟ್ಯೂಷನ್ ಹೇಳುತ್ತೇನೆ. ರಜೆ ಬಂದರೆ ಸ್ಕೂಟರ್ ತೆಗೆದು ಫೋಟೋ ಹುಡುಕಿಕೊಂಡು ಹೊರಡುವುದು.

ಗುಡಿ, ಕೋಟೆ, ಕೆರೆಗಳ ಫೋಟೋ ತೆಗೆಯುವವರು ನಮ್ಮ ಕಡೆ ಸಾಕಷ್ಟಿದ್ದಾರೆ. ನನಗೆ ಹಿಡಿದ ಹುಚ್ಚು ಬೇರೆ. ತವರಿನ ಅಟ್ಟದ ಮೇಲೆ ಅವ್ವನ ಹಳೆಯ ಪಂಪ್ ಸ್ಟವ್ ಇತ್ತು. ಅದರ ಜೊತೆಗೆ ಒಂದು ಕಾಗದದ ಪೊಟ್ಟಣದಲ್ಲಿ ಸ್ಟವ್ ಪಿನ್ನುಗಳು, ತಗಡಿನ ಹಿಡಿಕೆಗೆ ಕೂದಲೆಳೆಯಷ್ಟು ಸಣ್ಣ ತಂತಿ. ನನಗೆ ನೆನಪಿರುವುದು ಅವ್ವ ಆ ಪಿನ್ನು ಚುಚ್ಚುವಾಗ ಮುಖ ಹಿಂದಕ್ಕೆ ಸರಿಸುತ್ತಿದ್ದ ರೀತಿ. ಅದರ ಫೋಟೋ ತೆಗೆದೆ. ಆಮೇಲೆ ಸುರಪುರದ ಒಂದು ಓಣಿಯಲ್ಲಿ ಮದುವೆಗಳಿಗೆ ಗ್ಯಾಸ್ ಬತ್ತಿ ಬಾಡಿಗೆ ಕೊಡುತ್ತಿದ್ದವನ ಅಂಗಡಿ. ಎಂಟು ಬತ್ತಿಗಳು ಇನ್ನೂ ಗೋಡೆಗೆ ತೂಗಿದ್ದವು. ಹತ್ತಿಕುಣಿಯಲ್ಲಿ ಡೀಸೆಲ್ ಕ್ಯಾನನ್ನು ಉದ್ದಕ್ಕೆ ಕೊಯ್ದು ಕುರಿಗಳಿಗೆ ನೀರಿಟ್ಟಿದ್ದರು, ಅದೊಂದು ಫೋಟೋ. ಸೀಮೆಎಣ್ಣೆ ಅಳೆಯುವ ಲೀಟರು, ಸಿಲಿಂಡರಿನ ಮುಚ್ಚಳಗಳನ್ನು ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಿದ ತೋರಣ, ಊರೂರಿನ ಪೆಟ್ರೋಲ್ ಪಂಪುಗಳು. ಉರಿಯುವುದನ್ನು ಮನುಷ್ಯರು ಯಾವ ಯಾವ ಪಾತ್ರೆಯಲ್ಲಿ ಹಿಡಿದಿಟ್ಟಿದ್ದಾರೆ ಎಂದು ನೋಡುವ ಆಸೆ ಇದ್ದೀತು. ಅದನ್ನು ಆಗ ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಕೊಂಕಲ್‌ನಲ್ಲಿ ಒಬ್ಬ ಕಿರಾಣಿ ಅಂಗಡಿಯವನು ಪೆಟ್ರೋಲನ್ನು ನೀರಿನ ಬಾಟಲಿಗಳಲ್ಲಿ ತುಂಬಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ. ಬಿಸಿಲು ಬಿದ್ದು ಬಾಟಲಿಗಳು ಜೇನಿನ ಹಾಗೆ ಹೊಳೆಯುತ್ತಿದ್ದವು. ನಾನು ಕ್ಯಾಮೆರಾ ಎತ್ತಿದ ಕೂಡಲೇ ಅವನು ಗೋಣಿಚೀಲ ಎಳೆದು ಮುಚ್ಚಿದ.

"ಯಾವ ಆಫೀಸಿನವರ್ರಿ?"

"ಯಾವ ಆಫೀಸೂ ಅಲ್ರಿ. ಸುಮ್ಮ ಫೋಟೋ ಹೊಡಿಯಾಕತ್ತೀನಿ."

"ಸುಮ್ಮ ಯಾರ್ ಹೊಡಿತಾರ್ರಿ ಬಾಟ್ಲಿ ಫೋಟೋ? ಹಂಗಿದ್ರ ನನ್ನ ಹೊಡೀರಿ, ಬಾಟ್ಲಿ ಬ್ಯಾಡ."

ಅವನನ್ನೇ ತೆಗೆದೆ. ಹಿಂದೆ ಗೋಣಿಚೀಲ, ಚೀಲದ ಕೆಳಗೆ ಬಾಟಲಿಗಳ ಬುಡ.

ಯಾದಗಿರಿಯಲ್ಲಿ ಹೊಸದಾಗಿ ಆಗಿದ್ದ ಒಂದು ಪಂಪಿನಲ್ಲಿ ಮಾತ್ರ ಜಗಳವೇ ಆಯಿತು. ಕಾವಲಿನವನು ಸೀಟಿ ಊದಿಕೊಂಡು ಬಂದ.

"ಮೇಡಮ್ಮಾರ, ಕ್ಯಾಮೆರಾ ಬಂದ್ ಮಾಡ್ರಿ. ಬೋರ್ಡ್ ಕಾಣವಲ್ದೇನು?"

"ಕ್ಯಾಮೆರಾದಿಂದ ಬೆಂಕಿ ಹತ್ತಂಗಿಲ್ರಿ. ನಾ ಸೈನ್ಸ್ ಓದೀನಿ."

"ನೀವು ಓದೀರಿ. ಪೆಟ್ರೋಲ್ ಓದಿಲ್ಲಲ್ರಿ."

ಪೆಟ್ರೋಲ್ ಹಾಕಿಸಿಕೊಳ್ಳಲು ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕು ಹೊರಟು ಬಂದೆ. ದಾರಿಯುದ್ದಕ್ಕೂ ಅವನಿಗೆ ಏನು ಉತ್ತರ ಕೊಡಬಹುದಿತ್ತು ಎಂದು ಯೋಚಿಸುತ್ತ ಬಂದದ್ದು ನೆನಪಿದೆ. ಉರಿಯುವುದು ಪೆಟ್ರೋಲ್ ಅಲ್ಲ, ಅದರ ಆವಿ. ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಪೆಟ್ರೋಲ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಈ ಮೂರು ಮಾತುಗಳನ್ನು ಟ್ಯೂಷನ್ ಹುಡುಗಿಯರಿಂದ ನಾನು ಎಷ್ಟು ಸಲ ಒಪ್ಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಆ ಹಳೆಯ ಪಂಪು ಸಿಕ್ಕಿದ್ದು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆಯ ಕೆಳಮಗ್ಗುಲಿಗೆ. ಹೊಸ ರಸ್ತೆ ಆದ ಮೇಲೆ ಒಳಗೆ ಉಳಿದುಹೋದ ಒಂದು ತುಂಡು ರಸ್ತೆ. ಅದರ ಬದಿಗೆ ಸಿಮೆಂಟಿನ ಇಳಿಜಾರು ಅಂಗಳ, ತಗಡಿನ ಚಪ್ಪರ, ಚಪ್ಪರದ ಕೆಳಗೆ ಆಳೆತ್ತರದ ಕಬ್ಬಿಣದ ಮಷಿನ್. ಮೇಲೆ ಐದೈದು ಲೀಟರಿನ ಎರಡು ಗಾಜಿನ ಭರಣಿ, ಪಕ್ಕದಲ್ಲಿ ಕೈಯಿಂದ ತಿರುವುವ ಹಿಡಿಕೆ. ಒಂದು ಭರಣಿ ತುಂಬುವಾಗ ಇನ್ನೊಂದು ಗಾಡಿಗೆ ಇಳಿಯುತ್ತಿತ್ತಂತೆ. ಕೆಂಪು ಬಣ್ಣ ಹೋಗಿ ತುಕ್ಕು ಬಂದಿತ್ತು, ಆದರೆ ಭರಣಿಯ ಗಾಜು ಆಗ ತಾನೇ ತೊಳೆದಿಟ್ಟಂತೆ ಇತ್ತು. ಯಾರೋ ಇದನ್ನು ದಿನವೂ ಒರೆಸುತ್ತಿದ್ದಾರೆ ಎಂದು ನೋಡಿದ ಕೂಡಲೇ ತಿಳಿಯಿತು.

ಒರೆಸುತ್ತಿದ್ದವನು ಅಲ್ಲಿಯೇ ಒಂದು ಕೋಣೆಯಲ್ಲಿ ಹೆಂಡತಿಯೊಡನೆ ಇದ್ದ ಮುದುಕ. ಹದಿನಾರನೆಯ ವಯಸ್ಸಿಗೆ ಆ ಹಿಡಿಕೆ ತಿರುವಲು ಸೇರಿದವನು. ಕರೆಂಟಿನ ಮಷಿನ್ ಬಂದಾಗಲೂ ಇದ್ದ, ಪಂಪು ಮುಚ್ಚಿ ಕರೆಂಟಿನ ಮಷಿನ್ ಬಿಚ್ಚಿಕೊಂಡು ಹೋದಾಗಲೂ ಇದ್ದ. ಮಾಲೀಕರ ಮಕ್ಕಳು ಹೈದರಾಬಾದಿಗೆ ಹೋಗುವಾಗ ಜಾಗ ನೋಡಿಕೊಂಡಿರು ಎಂದು ಹೇಳಿ ಹೋಗಿದ್ದರು. ನೆಲದೊಳಗಿನ ಟ್ಯಾಂಕನ್ನು ಯಾರೂ ಕೀಳಲಿಲ್ಲ. ನಾನು ಅವನನ್ನು ಮುತ್ಯಾ ಎಂದೆ, ಅವನ ಹೆಂಡತಿಯನ್ನು ಆಯಿ ಎಂದೆ. ಆಯಿ ಅವನ ಸ್ವಂತ ಅಕ್ಕನ ಮಗಳು. ಹಾಗಾಗಿ ಮದುವೆಯಾಗಿ ಐವತ್ತು ವರ್ಷವಾದರೂ ಅವನನ್ನು ಮಾವ ಎಂದೇ, ನೀನು ಎಂದೇ ಮಾತಾಡಿಸುತ್ತಿದ್ದಳು.

"ಮಷಿನ್‌ಗಿ ಹಚ್ಚಿ ಹಚ್ಚಿ ಜಳಕ ಮಾಡಸ್ತಾನ," ಎಂದಳು ಮೊದಲ ದಿನವೇ. "ತಾ ಮಾತ್ರ ಎಂಟ ದಿನಕ್ಕೊಮ್ಮಿ."

"ಅದು ನಿನ್ನಂಗ ಮಾತಾಡಂಗಿಲ್ಲ. ಅದಕ್ಕಾ ಮಾಡಸ್ತೀನಿ," ಎಂದ ಮುತ್ಯಾ.

ನಾಲ್ಕೈದು ಸಲ ಹೋದೆ. ಅವನು ಕೆಲಸದ ಕಟ್ಟಳೆಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಕಬ್ಬಿಣಕ್ಕೆ ಕಬ್ಬಿಣ ಬಡಿಯಬಾರದು, ನಡುವೆ ಕಟ್ಟಿಗೆ ಇರಬೇಕು. ಪಂಪಿನಲ್ಲಿ ಯಾರೂ ಒದರಬಾರದು, ಓಡಬಾರದು. ಎಲ್ಲಕ್ಕಿಂತ ದೊಡ್ಡದು, ಬೆಂಕಿ ರಸ್ತೆ ದಾಟಬಾರದು. ದೊಡ್ಡ ಧಣಿ ಎಂದು ಅವನು ಕರೆಯುತ್ತಿದ್ದ ಮೊದಲ ಮಾಲೀಕ ಹಾಕಿಕೊಟ್ಟ ಕಟ್ಟಳೆ ಅದು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ, ಮಷಿನ್, ಅಂಗಡಿಗೆಲ್ಲ ಕಾಯಿ ಒಡೆದು ಕರ್ಪೂರ ಬೆಳಗುತ್ತಾರೆ. ಪೆಟ್ರೋಲ್ ಪಂಪಿಗೂ ಬೆಳಗಬೇಕು, ಆದರೆ ಹೇಗೆ? ಅದಕ್ಕೆ ಧಣಿ ರಸ್ತೆಯ ಆಚೆ ಬೇವಿನ ಗಿಡದ ಕೆಳಗೆ ಒಂದು ಕಲ್ಲು ಹಾಕಿಸಿದ್ದ. ಅಲ್ಲಿ ನಿಂತು, ಇಲ್ಲಿರುವ ಮಷಿನ್ನಿಗೆ ಮುಖ ಮಾಡಿ, ಅಷ್ಟು ದೂರದಿಂದಲೇ ಆರತಿ. ಕರ್ಪೂರ ಪೂರ್ತಿ ಆರಿದ ಮೇಲೆ ತಟ್ಟೆ ರಸ್ತೆ ದಾಟಿ ಬರುತ್ತಿತ್ತು. ಮಷಿನ್ನಿಗೆ ವಿಭೂತಿ, ಕುಂಕುಮ, ಹೂವು. ಪಂಪು ಮುಚ್ಚಿ ಇಷ್ಟು ವರ್ಷವಾದರೂ ಮುದುಕ ಮುದುಕಿ ಪ್ರತಿ ಅಮಾವಾಸ್ಯೆ ಹಾಗೆಯೇ ಮಾಡುತ್ತಿದ್ದರು.

ಅದನ್ನು ಕೇಳಿದ ದಿನದಿಂದ ನನಗೆ ಆ ಆರತಿಯ ಫೋಟೋ ಬೇಕಾಯಿತು.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಹೋದೆ. ಆ ದಿನ ನಮ್ಮ ಭಾಗದಲ್ಲಿ ಊರಲ್ಲಿ ಯಾರೂ ಇರುವುದಿಲ್ಲ. ಸಜ್ಜೆ ಕಡಬು, ಭಜ್ಜಿ ಕಟ್ಟಿಕೊಂಡು ಬಂಡಿ, ಟ್ರ್ಯಾಕ್ಟರು ಹತ್ತಿ ಹೊಲಕ್ಕೆ ಹೋಗಿ, ಬೆಳೆಯ ನಡುವೆ ಭೂಮಿತಾಯಿಗೆ ಚರಗ ಚೆಲ್ಲಿ ಅಲ್ಲೇ ಉಣ್ಣುತ್ತಾರೆ. ಮುತ್ಯಾನಿಗೆ ಹೊಲವಿಲ್ಲ. "ನಮ್ಮ ಹೊಲ ಇದಾ," ಎಂದು ಆಯಿ ಭಜ್ಜಿ, ಕಡಬಿನ ಚೂರುಗಳನ್ನು ಮಷಿನ್ನಿನ ಸುತ್ತ ಚೆಲ್ಲಿದಳು. ಚಳಿಗಾಳಿಯೂ ನಿಂತುಹೋಗಿತ್ತು. ಬೇವಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಆರತಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಟ್ಯಾಂಕಿನ ಒಳಗನ್ನು ತೋರಿಸಿ ಎಂದು ನಾನೇ ಕೇಳಿದೆ. ಮಷಿನ್ನಿನಿಂದ ನಾಲ್ಕು ಹೆಜ್ಜೆಗೆ ಕಬ್ಬಿಣದ ಮುಚ್ಚಳ. ಮುತ್ಯಾ ಕಟ್ಟಿಗೆಯ ತುಂಡು ಕೊಟ್ಟು, ಹಾರೆಯಿಂದ ಮೀಟಿ, ಬಹಳ ಹೊತ್ತು ಹೆಣಗಿ ಅದನ್ನು ಪಕ್ಕಕ್ಕೆ ಸರಿಸಿದ. ಒಳಗಿನಿಂದ ಹಳಸಿದ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು. ಅವನು ಅಳತೆಯ ಕೋಲು ಇಳಿಬಿಟ್ಟ. ಖಾಲಿ ಎಂದುಕೊಂಡಿದ್ದ ಟ್ಯಾಂಕಿನಲ್ಲಿ ಕೋಲು ಮುಕ್ಕಾಲು ಪಾಲು ಒದ್ದೆಯಾಗಿ ಬಂತು.

"ನೀರ," ಎಂದ, ಕೋಲನ್ನು ಬೆರಳಿಂದ ಸವರಿ. "ಕಾಲವಿ ನೀರ ಒಳಗ ಬಸದಾದ. ಮಾಲಿಲ್ಲ. ಬರೇ ವಾಸನಿ."

ಅದು ನನಗೆ ವಿಚಿತ್ರವೆನಿಸಲಿಲ್ಲ. ಕಾಲುವೆ ಬಂದ ಮೇಲೆ ಆ ಮಗ್ಗುಲಿನ ಹೊಲಗಳೆಲ್ಲ ಜವಳು ಹಿಡಿದಿವೆ, ಎರಡು ಮೊಳ ಅಗೆದರೆ ನೀರು. ಆ ಮಣ್ಣು ನನ್ನ ಮೇಜಿನ ಮೇಲೆ ದಿನವೂ ಬರುತ್ತದೆ. ತುಕ್ಕು ತಿಂದ ಟ್ಯಾಂಕಿಗೆ ನೀರು ನುಗ್ಗಿದ್ದರಲ್ಲಿ ಏನಾಶ್ಚರ್ಯ? ಸೇದಿ ತೋರಿಸ್ರಿ ಮುತ್ಯಾ ಎಂದೆ. ಅವನು ಒಂದು ಡಬ್ಬಿಗೆ ಹಗ್ಗ ಕಟ್ಟಿ ಎರಡು ಸಲ ಸೇದಿದ, ಎರಡು ಸಲವೂ ಅಂಗಳಕ್ಕೆ ಸುರುವಿದ. ಸುರಿಯುವುದನ್ನು ನಾನು ಫೋಟೋ ತೆಗೆದೆ. ಅದು ಇಳಿಜಾರಿನಲ್ಲಿ ಹರಿದು ರಸ್ತೆಯ ಅಂಚಿನವರೆಗೆ ಒಂದು ಒದ್ದೆ ಪಟ್ಟೆಯಾಯಿತು.

ನೀರು ಎಂಬ ಒಂದು ಮಾತು ನಮ್ಮಿಬ್ಬರ ಬುದ್ಧಿಯನ್ನೂ ಮಲಗಿಸಿತು. ಡಬ್ಬಿಯಲ್ಲಿ ಮೊದಲು ಬರುವುದು ಮೇಲಿನ ಪದರ ಎಂಬುದು ಒಂಬತ್ತನೆಯ ಇಯತ್ತೆಯ ಹುಡುಗಿಗೂ ಗೊತ್ತು. ವಾಸನೆ? ಅಷ್ಟು ಹೊತ್ತಿಗೆ ಅದರಲ್ಲೇ ಕೂತು ನಮ್ಮ ಮೂಗು ವಾಸನೆಯನ್ನು ಮರೆತಿತ್ತು.

ಆಯಿ ತಟ್ಟೆ ಸಿದ್ಧಮಾಡಿಕೊಂಡು ಬಂದಳು. ಇಳಕಲ್ ಸೀರೆ ಉಟ್ಟಿದ್ದಳು, ತಲೆ ತುಂಬ ಸೆರಗು. ರಸ್ತೆಯ ಆಚೆ ನಿಂತರೆ ಅವಳು ಫೋಟೋದಲ್ಲಿ ಬೆರಳಷ್ಟು ಕಾಣುತ್ತಾಳೆ, ಮಷಿನ್ ಈಚೆ ಉಳಿಯುತ್ತದೆ. ನಾನು ಎರಡು ಸಲ ಜಾಗ ಬದಲಿಸಿ ನೋಡಿದೆ, ಸರಿಹೋಗಲಿಲ್ಲ.

"ಮುತ್ಯಾ, ಆರತಿ ಇಲ್ಲೇ ಮಷಿನ್ ಮುಂದ ಮಾಡ್ರಿ. ಎರಡೂ ಫೋಟೋದಾಗ ಬರ್ತಾವ."

"ಇಲ್ಲ ಯವ್ವಾ. ಬೆಂಕಿ ರಸ್ತಾ ದಾಟಂಗಿಲ್ಲ."

"ಅದು ಮಾಲು ಇದ್ದಾಗಿನ ಕಟ್ಟಳಿ. ಈಗ ನೀರ ಅದ ಅಂತ ನೀವಾ ನೋಡಿದ್ರಲ್ಲ."

ಆಯಿ ನನ್ನ ಪಕ್ಷಕ್ಕೆ ಬಂದಳು. "ಖರೇ ಅದ ಅಕಿ ಅನ್ನೂದು. ಸತ್ತ ಎಮ್ಮಿಗಿ ಎಷ್ಟ ದಿನ ಮೇವು ಹಾಕ್ತಿ ಮಾವ?"

"ಧಣಿ ಮಾತು ಅದು."

"ಧಣಿ ಹೋಗಿ ಮೂವತ್ತ ವರ್ಷ ಆತು. ಅವನೇನ್ ನೋಡಾಕ ಬರ್ತಾನ?"

ಅವನು ನನ್ನ ಕಡೆ ತಿರುಗಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕೇಳುವ ಭಾವವಿತ್ತು. ಮಣ್ಣು ಪರೀಕ್ಷೆಯ ಚೀಟಿ ಹಿಡಿದು ರೈತರು ನೋಡುವ ಹಾಗೆ. "ಏನೂ ಆಗಂಗಿಲ್ಲ ಮುತ್ಯಾ," ಎಂದೆ.

"ನೀವು ಓದಿದವರು. ನೀವಂದ್ರ ಆತು ಬಿಡ್ರಿ," ಎಂದು ಮುಚ್ಚಳದ ಪಕ್ಕದ ಕಟ್ಟೆಯ ಮೇಲೆ ಕೂತ.

ಹಚ್ಚುವುದನ್ನು ಮಾತ್ರ ಆಯಿ ಬೇವಿನ ಕೆಳಗೇ ಹಚ್ಚಿದಳು. ಕೈ ರೂಢಿ. ಆಮೇಲೆ ತಟ್ಟೆ ಎತ್ತಿಕೊಂಡು, ಉರಿಯುವ ಕರ್ಪೂರದೊಡನೆ, ಆ ರಸ್ತೆಯನ್ನು ಮೊದಲ ಸಲ ದಾಟತೊಡಗಿದಳು. ನಾನು ಮಷಿನ್ನಿನ ಬುಡದಲ್ಲಿ ಮೊಣಕಾಲೂರಿ ಕೂತು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೆ.

ಮೊದಲ ಫೋಟೋ. ಆಯಿ ರಸ್ತೆ ದಾಟಿ ಅಂಗಳಕ್ಕೆ ಕಾಲಿಟ್ಟಿದ್ದಾಳೆ. ಎಳೆ ಬಿಸಿಲು ಬಲಗಡೆಯಿಂದ ಬಿದ್ದಿದೆ. ಅವಳ ಕಾಲ ಕೆಳಗಿನ ಒದ್ದೆ ಪಟ್ಟೆಯಲ್ಲಿ ನೇರಳೆ, ಹಸಿರು, ಹಳದಿ ಬಣ್ಣಗಳು ಸುರುಳಿ ಸುತ್ತಿವೆ. ನಾನು ಆಗ ಕಂಡದ್ದು ಅದನ್ನಷ್ಟೇ. ಎಷ್ಟು ಚಂದ ಎಂದು ಗುಂಡಿ ಒತ್ತಿದೆ.

ಆಮೇಲೆ, ಅದೇ ಸಣ್ಣ ಕಿಂಡಿಯಲ್ಲಿ, ಅವಳ ಪಾದದ ಸುತ್ತಲಿನ ಗಾಳಿ ನಡುಗುವುದು ಕಾಣಿಸಿತು. ಬೇಸಿಗೆಯ ಮಧ್ಯಾಹ್ನ ಡಾಂಬರಿನ ಮೇಲೆ ಬಿಸಿಲು ನಡುಗುವ ಹಾಗೆ. ಆದರೆ ಅದು ಎಳ್ಳ ಅಮಾವಾಸ್ಯೆಯ ಬೆಳಗು, ನನ್ನ ಬೆರಳುಗಳು ಚಳಿಗೆ ಜೋಮು ಹಿಡಿದಿದ್ದವು. ನನಗೆ ಗೊತ್ತಾಯಿತು. ಸ್ವಲ್ಪ ಸ್ವಲ್ಪವಾಗಿ ಅಲ್ಲ, ಪೂರ್ತಿ ಗೊತ್ತಾಯಿತು. ಬಣ್ಣ ಯಾತರದು, ನಡುಕ ಯಾತರದು, ಅದು ಎಲ್ಲಿಂದ ಎಲ್ಲಿಯವರೆಗೆ ಹಾಸಿದೆ, ತಟ್ಟೆಯಿಂದ ಒಂದು ಕಿಡಿ ಬಿದ್ದರೆ ಅದು ಯಾವ ದಾರಿ ಹಿಡಿದು ಮುಚ್ಚಳದ ಬಾಯಿಗೆ ಹೋಗುತ್ತದೆ, ಎಲ್ಲ. ಬಾಯಿ ತೆರೆದೆ. ದನಿ ಬರಲಿಲ್ಲ. ಬೆರಳು ಮಾತ್ರ ತನ್ನ ಕೆಲಸ ತಾನು ಮಾಡಿತು.

ಎರಡನೆಯ ಫೋಟೋ. ಮುತ್ಯಾ ಕಟ್ಟೆಯಿಂದ ಎದ್ದಿದ್ದಾನೆ. ಹೆಂಡತಿಯ ಕಡೆ ನಡೆಯುತ್ತಿದ್ದಾನೆ. ಓಡುತ್ತಿಲ್ಲ. ಕೈ ಎರಡೂ ಮುಂದೆ ಚಾಚಿವೆ, ಮಗುವನ್ನು ಇಸಕೊಳ್ಳುವವನ ಹಾಗೆ. ಆಯಿಯ ಮುಖದಲ್ಲಿ ಅರ್ಧ ನಗು. ಅವಳು ತಟ್ಟೆಯನ್ನು ಮಷಿನ್ನಿನ ಬುಡಕ್ಕೆ ಇಡಲೆಂದು ಸ್ವಲ್ಪ ತಗ್ಗಿಸಿ ಹಿಡಿದಿದ್ದಾಳೆ.

ಮೂರನೆಯದರಲ್ಲಿ ಅವನ ಬಲಗೈ ತಟ್ಟೆಯ ಮೇಲೆ ಮುಚ್ಚಿದೆ. ಬೆರಳ ಸಂದಿಯಿಂದ ಹೊಗೆ ಬರುತ್ತಿದೆ.

ಫೋಟೋದಲ್ಲಿ ಇಲ್ಲದ್ದು ಇನ್ನೊಂದಿದೆ. ಅವನು ಕರ್ಪೂರವನ್ನು ಅಂಗೈಯಲ್ಲಿ ಹೊಸಕಿದಾಗ ಒಂದು ಚೂರು, ಕಡಲೆಕಾಳಿನಷ್ಟು, ಉರಿಯುತ್ತಲೇ ತಟ್ಟೆಯ ಅಂಚಿನಿಂದ ಉರುಳಿ ನೆಲಕ್ಕೆ ಬಿತ್ತು. ಒದ್ದೆ ಪಟ್ಟೆಯ ಅಂಚಿನಿಂದ ಒಂದು ಗೇಣು ಈಚೆಗೆ, ಒಣ ಸಿಮೆಂಟಿನ ಮೇಲೆ. ಅದು ಬಿದ್ದಲ್ಲಿ ನಿಂತು ಉರಿಯಿತು. ಮುತ್ಯಾ ಅದರ ಮೇಲೆ ಚಪ್ಪಲಿ ಊರಿದ. ಕಾಲೆತ್ತಲಿಲ್ಲ. ಹಾಗೇ ನಿಂತಿದ್ದ. ನನ್ನ ನಿದ್ದೆಯಲ್ಲಿ ಈಗಲೂ ಬರುವುದು ಆ ಚೂರು. ಪ್ರತಿ ಸಲ ಅದು ಒಂದು ಗೇಣು ಆಚೆಗೆ ಬೀಳುತ್ತದೆ.

"ನೀ ಆಚಿ ಕಡಿ ಹೋಗಿ ಕೂಡು," ಎಂದು ಹೆಂಡತಿಗೆ ಹೇಳಿದ, ಮೆಲ್ಲಗೆ.

"ಅಮಾಸಿ ಆರತಿ ಕೈಯಾಗ ಹೊಸಕಿದೇನು?" ಆಯಿ ಕೇಳಿದಳು. "ತಲಿ ನೆಟ್ಟಗಾದೇನು ನಿಂದು?"

"ಹೋಗಂದ್ರ ಹೋಗು."

ಅವಳು ಖಾಲಿ ತಟ್ಟೆ ಹಿಡಿದು ರಸ್ತೆ ದಾಟಿದಳು. ಬೇವಿನ ಕೆಳಗೆ ನಮಗೆ ಬೆನ್ನು ಮಾಡಿ ಕೂತಳು. ನಾವಿಬ್ಬರು ಮುಚ್ಚಳ ಎಳೆದು ಮುಚ್ಚಿದೆವು. ಕಟ್ಟಿಗೆಯ ತುಂಡನ್ನು ನಡುವೆ ಇಡಲು ಅವನು ಆಗಲೂ ಮರೆಯಲಿಲ್ಲ. ಒದ್ದೆಯ ಮೇಲೆಲ್ಲ ಬುಟ್ಟಿಗಟ್ಟಲೆ ಒಣ ಮಣ್ಣು ಸುರಿದೆವು. ಆಮೇಲೆ ಅವನು ಕೈಯನ್ನು ನೀರಿನ ಕೊಡದಲ್ಲಿ ಅದ್ದಿ ಕೂತ. ಅಂಗೈ ನಡುವೆ ರೂಪಾಯಿಯಷ್ಟು ಅಗಲ ಬೊಬ್ಬೆ ಎದ್ದಿತ್ತು.

"ಹೆಂಗ ಗೊತ್ತಾತು ಮುತ್ಯಾ?"

"ಸುರುವಿದ್ದು ಅಂಚಿನ್ಯಾಗ ಆರಾಕತ್ತಿತ್ತು. ಇಂಥಾ ಥಂಡ್ಯಾಗ ನೀರ ಅಷ್ಟ ಜಲ್ದಿ ಆರಂಗಿಲ್ಲ ಯವ್ವಾ."

"ಒದರಬೇಕಿತ್ತು ನೀವು."

"ಒದರಿದ್ರ ಅಕಿ ಬೆದರಿ ತಾಟ ಕೆಡವ್ತಿದ್ಲು." ಕೊಡದೊಳಗೆ ಕೈ ಆಡಿಸುತ್ತ, "ನಿನಗ ದನಿ ಬರಲಿಲ್ಲ ನೋಡು, ಅದಾ ಚಲೋ ಆತು," ಎಂದ.

ಅವನು ಸಮಾಧಾನಕ್ಕೆ ಹೇಳಿದನೋ, ನಿಜವಾಗಿ ಹಾಗೆ ತಿಳಿದನೋ. ನಾನು ತಿದ್ದಲಿಲ್ಲ. ನಾನು ಬುದ್ಧಿ ಓಡಿಸಿ ಸುಮ್ಮನಿದ್ದದ್ದಲ್ಲ ಎಂದು ಹೇಳಬೇಕಾಗಿತ್ತು.

ಮರುದಿನ ನಾನೇ ಫೋನು ಮಾಡಿದೆ. ಅಗ್ನಿಶಾಮಕದವರು ಬಂದರು. ಮುಚ್ಚಳ ಒಂದು ಬೆರಳು ಸರಿಸಿ, ಕೈಯಲ್ಲಿದ್ದ ಸಣ್ಣ ಯಂತ್ರ ಹಿಡಿದ ಕೂಡಲೇ ಅದು ಕೀರಲಿಟ್ಟಿತು. "ನೀರಿನ ಮ್ಯಾಲ ಎರಡ ಬೆರಳಷ್ಟ ದಪ್ಪ ಮಾಲ ತೇಲಾಕತ್ತದ್ರಿ," ಎಂದ ಅವರಲ್ಲೊಬ್ಬ. "ಇದರ ಬಾಜೂಕ ಯಾರೂ ಬೀಡಿ ಹಚ್ಚಿಲ್ಲಲ್ಲ, ನಸೀಬು." ನಾನೂ ಮುತ್ಯಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವಾರದೊಳಗೆ ಅದನ್ನು ಹೀರಿ ತೆಗೆದು, ಟ್ಯಾಂಕಿಗೆ ಉಸುಕು ತುಂಬಿಸಿದರು.

ನನಗೆ ಮನೆಯಲ್ಲಿ ಗ್ಯಾಸ್ ಹಚ್ಚಲು ಆಗುತ್ತಿರಲಿಲ್ಲ. ಲೈಟರ್ ಒತ್ತುವ ಮುನ್ನ ಬಗ್ಗಿ ನೆಲ ನೋಡುತ್ತಿದ್ದೆ. ಕಿಟಕಿ ತೆಗೆದು, ಬಾಗಿಲು ತೆಗೆದು, ಮತ್ತೆ ನೆಲ ನೋಡುತ್ತಿದ್ದೆ. ಕೊನೆಗೆ ನಮ್ಮ ಮನೆಯವರು ಏನೂ ಕೇಳದೆ ಬೆಳಿಗ್ಗೆ ತಾವೇ ಒಲೆ ಹಚ್ಚಿ, ಹಾಲಿಟ್ಟು, ನನ್ನನ್ನು ಎಬ್ಬಿಸತೊಡಗಿದರು. ಟ್ಯೂಷನ್ನಿಗೆ ಬರುವ ಹುಡುಗಿಯರಿಗೆ ಪೆಟ್ರೋಲ್ ಆವಿಯ ಪಾಠ ಬಂದಾಗ ಪುಸ್ತಕ ನೋಡಿ ಓದಿಕೊಳ್ಳಿ ಎಂದೆ. ಅವರಿಗೆ ಆಶ್ಚರ್ಯವಾಯಿತು.

ಮುಂದಿನ ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಮತ್ತೆ ಅಲ್ಲಿಗೆ ಹೋದೆ. ಮುತ್ಯಾ ಕಟ್ಟೆಯ ಮೇಲೆ ಕೂತು ತಾನೇ ಚಹಾ ಸೋಸಿಕೊಳ್ಳುತ್ತಿದ್ದ, ಎಡಗೈಯಿಂದ. ಒಳಗೆ ಆಯಿ ಪಾತ್ರೆ ಸರಿಸುವ ಸದ್ದು.

"ಮಾತ ಬಿಟ್ಟಾಳ," ಎಂದ, ನಾನು ಕೇಳುವ ಮೊದಲೇ.

"ಆವತ್ತಿಂದಾ?"

"ಆವತ್ತಿಂದ. ಆರತಿ ಹೊಸಕಿದವ ವರ್ಷ ದಾಟಂಗಿಲ್ಲಂತ. ನಂಗ ಸಾಯೂದು ಬಂದದ, ಅದನ್ನ ನಾನಾ ಕರದೀನಿ ಅಂತ ಆವತ್ತ ಅಂದಿದ್ಲು. ಹತ್ತಿಪ್ಪತ್ತು ಹೆಜ್ಜಿ ದೂರ ಇದ್ದಳಂತ ಅಕಿ, ನಾ ಒಂದ ಮಾತ ಹೇಳಿದ್ರ ನಿಂದರತಿದ್ಲಂತ."

"ಟ್ಯಾಂಕಿಂದು ಅಕಿಗೂ ಗೊತ್ತದಲ್ಲ. ಅಕಿ ಕಾಲಾಗ ಇದ್ದದ್ದು ನೀರಲ್ಲ ಅಂತ ಹೇಳಿಲ್ಲೇನು?"

ಅವನು ಚಹಾ ಆರಿಸುತ್ತ ಕೂತ. "ಸುರುವಿದಾವ ನಾನು. ಸುರುವಂದಾಕಿ ನೀನು. ಅಕಿ ನಿನ್ನ ಬಾಳ ಹಚ್ಚಕೊಂಡಾಳ. ಇರವಲ್ದ್ಯಾಕ, ನಾಕ ದಿನ ಮಾತ ಬಿಟ್ರ ನಂಗೂ ಕಿವಿಗಿ ಆರಾಮ."

ಇಷ್ಟು ದಿನ ಆ ಮುದುಕ ನನ್ನ ಪಾಲಿನದನ್ನೂ ತನ್ನ ಸುಟ್ಟ ಕೈಯಲ್ಲಿ ಮುಚ್ಚಿಟ್ಟುಕೊಂಡಿದ್ದ. ನಾನು ಒಳಗೆ ಹೋದೆ. ಆಯಿ ನನಗೆ ಚಾಪೆ ಹಾಸಿದಳು. ಕ್ಯಾಮೆರಾ ತೆಗೆದು, ಹಿಂದಿನ ಪರದೆಯಲ್ಲಿ ಮೊದಲನೆಯ ಫೋಟೋ ಇಟ್ಟು, ಅವಳ ಕಾಲ ಹತ್ತಿರದ ಭಾಗವನ್ನು ದೊಡ್ಡದು ಮಾಡಿ ಅವಳ ಕೈಗೆ ಕೊಟ್ಟೆ.

"ಇದೇನ್ ಬಣ್ಣ ಯವ್ವಾ?"

"ಪೆಟ್ರೋಲ್, ಆಯಿ. ನೀರಂತ ತಿಳಕೊಂಡು ಸುರುವಿಸಿದ್ದೆ. ನಾನಾ ಸುರುವಿಸಿದ್ದು."

"ನನ್ನ ಕಾಲಾಗ?"

"ಹೂಂ. ಮುಚ್ಚಳದ ತನಕ ಇತ್ತು. ತಾಟ್ನ್ಯಾಗಿನ ಒಂದ ಕಿಡಿ ಬಿದ್ದಿದ್ರ..." ಬೆರಳಿನಿಂದ ಬಣ್ಣದ ಪಟ್ಟೆ ತೋರಿಸಿದೆ. "ಮುತ್ಯಾ ಒದರಿದ್ರ ನೀವು ಬೆದರಿ ಕೆಡವ್ತಿದ್ರಿ. ಅದಕ್ಕಾ ಅವರು ಕೈಲಿಂದ ಮುಚ್ಚ್ಯಾರ. ಬೆಂಕಿ ರಸ್ತಾ ದಾಟಂಗಿಲ್ಲ ಅಂದ್ರು ಅವರು. ದಾಟಿಸಿದಾಕಿ ನಾನು."

ಅವಳು ಎರಡನೆಯ ಫೋಟೋಕ್ಕೆ ಹೋದಳು, ಮೂರನೆಯದಕ್ಕೆ ಹೋದಳು, ಮತ್ತೆ ಹಿಂದಕ್ಕೆ ಬಂದಳು. ಗುಂಡಿ ಎಲ್ಲಿದೆ ಎಂದು ನಾನು ತೋರಿಸಿಕೊಡಬೇಕಾಗಲಿಲ್ಲ. ಬಹಳ ಹೊತ್ತು ನೋಡಿ ಕೇಳಿದಳು:

"ಮಾವ ಎದ್ದು ಬಂದಾನ. ನೀ ಆಗ ಏನ್ ಮಾಡಾಕತ್ತಿದ್ದಿ?"

ಪೊಲೀಸರೋ, ವಕೀಲರೋ ಕೇಳಬಹುದಾಗಿದ್ದ ಪ್ರಶ್ನೆ. ಒಂದು ತಿಂಗಳಿಂದ ನಾನು ನನಗೇ ಕೇಳಿಕೊಂಡು ನೂರು ತರಹ ಉತ್ತರ ಕಟ್ಟಿದ್ದೆ. ಅವಳ ಮುಂದೆ ಒಂದೂ ನಿಲ್ಲಲಿಲ್ಲ.

"ಫೋಟೋ ತೆಗಿಯಾಕತ್ತಿದ್ದೆ, ಆಯಿ. ನಂಗ ಗೊತ್ತಾಗಿತ್ತು. ಗೊತ್ತಾದ ಮ್ಯಾಲೂ ತೆಗದೆ."

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕ್ಯಾಮೆರಾವನ್ನು ಚಾಪೆಯ ಮೇಲೆ ನಿಧಾನವಾಗಿ ಇಟ್ಟು, ಎದ್ದು, ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು.

"ಮಾವ," ಎಂದಳು. "ಸೋಸಿದ್ದ ಚಹಾದಾಗ ಅರ್ಧ ಪುಡಿ ಅದ. ತಾ ಇಲ್ಲಿ."

ಅವನು ಬಟ್ಟಲು ಕೊಟ್ಟ. ಕೊಡುವಾಗ ಅವಳು ಅವನ ಬಲಗೈ ಹಿಡಿದು, ತಿರುವಿ, ಅಂಗೈ ನೋಡಿ ಬಿಟ್ಟಳು. ಒಂದು ತಿಂಗಳಲ್ಲಿ ಅವಳು ಅದನ್ನು ನೋಡಿದ್ದು ಅದೇ ಮೊದಲಿರಬೇಕು.

ನಾನು ಹೊರಟಾಗ ಆಯಿ ಸ್ಕೂಟರಿನವರೆಗೆ ಬಂದಳು. "ಆ ನಡುವಿನ ಫೋಟೋ ನಂಗ ದೊಡ್ಡದು ಮಾಡಿಸಿ ಕೊಡು," ಎಂದಳು.

"ಅದ್ಯಾಕ ಆಯಿ? ಬ್ಯಾರೆ ತೆಗಿತೀನಿ. ಚಲೋವು ಅದಾವ."

"ಅದಾ ಬೇಕು. ಲಗ್ನ ಆದಾಗಿಂದ ಈ ಮನಶ್ಯಾ ನನ್ನ ಕಡಿ ಹಂಗ ನಡದ ಬಂದದ್ದು ನಾ ನೋಡಿಲ್ಲ."

ಯಾದಗಿರಿಯ ಒಂದು ಸ್ಟುಡಿಯೋದಲ್ಲಿ ಅದನ್ನು ದೊಡ್ಡದು ಮಾಡಿಸಿದೆ. ಸ್ಟುಡಿಯೋದವನು, "ಭಾರೀ ಬಂದದ್ರಿ ಮೇಡಂ, ಬೆಳಕ ನೋಡ್ರಿ," ಎಂದ. ಕಟ್ಟು ಹಾಕಿಸಿ ಅಮಾವಾಸ್ಯೆಯ ದಿನ ಒಯ್ದು ಕೊಟ್ಟೆ. ಆವತ್ತು ಆರತಿ ರಸ್ತೆಯ ಆಚೆಯೇ ಆಯಿತು, ಬೇವಿನ ಕೆಳಗೆ. ಟ್ಯಾಂಕಿನಲ್ಲಿ ಈಗ ಉಸುಕು ಮಾತ್ರ ಇದೆ ಎಂದು ಮೂವರಿಗೂ ಗೊತ್ತಿತ್ತು. ಆಯಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಕರ್ಪೂರ ಆರುವವರೆಗೆ ಹಿಡಿದು ನಿಲ್ಲು ಎಂದಳು. ನಿಂತೆ. ತಟ್ಟೆಯಲ್ಲಿದ್ದ ಕುಂಕುಮದ ಬಟ್ಟಲು ಸದ್ದು ಮಾಡುತ್ತಿತ್ತು. ಇಬ್ಬರೂ ಅದನ್ನು ಕೇಳಿಸಿಕೊಳ್ಳದವರ ಹಾಗೆ ಮಷಿನ್ನಿನ ಕಡೆ ನೋಡುತ್ತಿದ್ದರು.

ಆ ಫೋಟೋ ಈಗ ಅವರ ಕೋಣೆಯಲ್ಲಿ ಒಲೆಯ ಎದುರಿನ ಗೋಡೆಯ ಮೇಲಿದೆ. ಹೋದಾಗಲೆಲ್ಲ ಆಯಿ ಅದರ ಕೆಳಗೇ ಚಾಪೆ ಹಾಸುತ್ತಾಳೆ. ನಾನು ಗೋಡೆಗೆ ಬೆನ್ನು ಮಾಡಿ ಕೂತು ಚಹಾ ಕುಡಿಯುತ್ತೇನೆ.